ಕೆಡದೇ ಕೆಟ್ಟ ಡಿಸ್ಕ್

"ಈ ಡಿಸ್ಕ್ ಹಾಳಾಗ್ಲಿಲ್ಲ ಅಕ್ಕ," ಎಂದ ರಿಯಾಝ್. "ಹಾಳಾದ ಹಾಗೆ ನಾಟಕ ಮಾಡ್ತಾ ಉಂಟು."

ಆಶಾಲತಾ ರೈ ಕುರ್ಚಿಯನ್ನು ಅವನ ಮೇಜಿನ ಹತ್ತಿರಕ್ಕೆ ಎಳೆದುಕೊಂಡರು.

"ಡಿಸ್ಕಿಗೆ ನಾಟಕ ಬರುದಿಲ್ಲ ಮಾರಾಯ. ಮಾಡಿಸಿದವರು ಯಾರೋ ಇರ್ಬೇಕು."

"ಅದನ್ನೇ ತೋರಿಸ್ಲಿಕ್ಕೆ ನಿಮ್ಮನ್ನು ಕರ್ದದ್ದು."

ಪಂಪ್‌ವೆಲ್ ಫ್ಲೈಓವರಿನ ಪಕ್ಕದ ಕಟ್ಟಡದಲ್ಲಿ, ಟಯರ್ ಅಂಗಡಿಯ ಮೇಲಿನ ಮಾಳಿಗೆಯಲ್ಲಿತ್ತು ರಿಯಾಝನ ಲ್ಯಾಬ್. ಕೆಟ್ಟುಹೋದ ಹಾರ್ಡ್ ಡಿಸ್ಕುಗಳಿಂದ ಫೈಲುಗಳನ್ನು ಹೊರತೆಗೆಯುವುದು ಅವನ ಕಸುಬು. ಆಶಾಲತಾ ಇನ್‌ಸ್ಪೆಕ್ಟರ್ ಆಗಿದ್ದಾಗಲೂ ಇಂಥ ಕೆಲಸಕ್ಕೆ ಅವನನ್ನೇ ಹುಡುಕಿಕೊಂಡು ಬರುತ್ತಿದ್ದರು. ನೌಕರಿ ಬಿಟ್ಟು ಖಾಸಗಿ ಪತ್ತೇದಾರಿಕೆ ಶುರುಮಾಡಿದ ಮೇಲೂ ಆ ಅಭ್ಯಾಸ ತಪ್ಪಿರಲಿಲ್ಲ. ಕೆಳಗೆ ಬಸ್ಸುಗಳ ಹಾರ್ನು ಒಂದೇ ಸಮ. ಮೇಜಿನ ಮೇಲೆ ರಬ್ಬರ್ ಹಾಸು, ಹಾಸಿನ ಮೇಲೆ ಅಂಗೈಯಗಲದ ಒಂದು ಹಾರ್ಡ್ ಡಿಸ್ಕ್.

ಆ ಡಿಸ್ಕ್ ವಿಭವ ಐತಾಳನದು. ನದಿಗಳ ತಳ ಅಳೆಯುವ ಸರ್ವೆ ಎಂಜಿನಿಯರ್ ಅವನು. ಹೋದ ತಿಂಗಳು ಒಂದು ಬೆಳಿಗ್ಗೆ ಪಡೀಲಿನ ಮನೆಯಿಂದ ಹೊರಟವನು ತಿರುಗಿ ಬರಲಿಲ್ಲ. ಅದೇ ಸಂಜೆ ಕೂಳೂರಿನ ಹತ್ತಿರ ಫಲ್ಗುಣಿ ನದಿಯಲ್ಲಿ ಅವನ ಹೆಣ ಸಿಕ್ಕಿತು. ದೋಣಿಯಿಂದ ಜಾರಿ ಬಿದ್ದದ್ದು ಎಂದು ಪೊಲೀಸರು ಬರೆದುಕೊಂಡರು. ಅವನ ಹೆಂಡತಿ ಕೃತಿ ಮಾತ್ರ ಅದನ್ನು ಒಪ್ಪದೆ ಆಶಾಲತಾರ ಬಾಗಿಲು ತಟ್ಟಿದ್ದಳು.

ಕೃತಿ ಈಗ ಕಿಟಕಿಯ ಬದಿಯ ಬೆಂಚಿನಲ್ಲಿ ಕೂತಿದ್ದಳು. ಬಲ್ಮಠದ ಕಾಲೇಜೊಂದರಲ್ಲಿ ಕಂಪ್ಯೂಟರ್ ಸೈನ್ಸ್ ಕಲಿಸುವವಳು. ಪಡೀಲಿನ ಮನೆಯಲ್ಲಿ ಈಗ ಅವಳು, ವಿಭವನ ಅಪ್ಪ ಇಬ್ಬರೇ. ಡಿಸ್ಕನ್ನು ತಂದುಕೊಟ್ಟ ದಿನವೇ ಆಶಾಲತಾ ಕೇಳಿದ್ದರು: ನಿನಗೇ ನೋಡ್ಲಿಕ್ಕೆ ಆಗ್ತಿರ್ಲಿಲ್ವಾ? ಅದಕ್ಕೆ ಅವಳು, "ಅವರ ಡಿಸ್ಕ್ ಬಿಚ್ಚಲಿಕ್ಕೆ ಮನಸ್ಸು ಬರುದಿಲ್ಲ ಆಶಕ್ಕ" ಎಂದಿದ್ದಳು. ಹೆಚ್ಚು ಕೆದಕದೆ ಆಶಾಲತಾ ಡಿಸ್ಕನ್ನು ರಿಯಾಝನಿಗೆ ಕೊಟ್ಟಿದ್ದರು.

"ಸರಿ, ಈ ನಾಟಕ ಎಂತದು ಹೇಳು," ಎಂದರು ಈಗ. "ನನಗೆ ಅರ್ಥ ಆಗುವ ಹಾಗೆ."

ರಿಯಾಝ್ ಮಾನಿಟರನ್ನು ಅವರ ಕಡೆಗೆ ತಿರುಗಿಸಿದ.

"ಡಿಸ್ಕಿನೊಳಗಿನ ಜಾಗ ಎಲ್ಲ ಸಣ್ಣ ಸಣ್ಣ ತುಂಡು ಆಗಿರ್ತದೆ. ಒಂದೊಂದು ತುಂಡಿಗೆ ಸೆಕ್ಟರ್ ಅಂತಾರೆ. ಲಾಡ್ಜಿನ ರೂಮುಗಳು ಅಂತ ಇಟ್ಟುಕೊಳ್ಳಿ. ಕೆಲವು ರೂಮು ಹಾಳಾದ್ರೆ ಅದೇ ಬ್ಯಾಡ್ ಸೆಕ್ಟರ್. ಈ ಕಂಪ್ಯೂಟರ್ ಪ್ರತಿ ಸಲ ಆನ್ ಮಾಡುವಾಗ, ಡಿಸ್ಕಿನಲ್ಲಿ ಬ್ಯಾಡ್ ಸೆಕ್ಟರ್ ಉಂಟು, ರಿಪೇರಿ ಮಾಡ್ಲಾ ಅಂತ ಕೇಳ್ತಿತ್ತು. ಹೌದಲ್ಲಾ ಕೃತಿಯವರೇ?"

ಕೃತಿ ತಲೆಯಾಡಿಸಿದಳು.

"ನಾನು ರಿಪೇರಿಗೆ ಕೈ ಹಾಕ್ಲಿಲ್ಲ. ಮೊದಲು ಪೂರ್ತಿ ಡಿಸ್ಕಿನ ನಕಲು ಮಾಡಿಕೊಂಡೆ. ಇದ್ದದ್ದು ಇದ್ದ ಹಾಗೆ, ಖಾಲಿ ಜಾಗ ಸಮೇತ. ಎಂತ ಪರೀಕ್ಷೆ ಮಾಡುದಿದ್ರೂ ಆ ನಕಲಿನ ಮೇಲೆ. ಅಸಲಿಗೆ ಒಂದಕ್ಷರ ಬರೀಲಿಕ್ಕೂ ಬಿಡ್ಲಿಲ್ಲ."

"ಒಳ್ಳೆದಾಯ್ತು."

"ನಕಲು ಮಾಡುವಾಗಲೇ ನನಗೆ ಡೌಟ್ ಬಂತು. ನಿಜವಾಗಿ ಕೆಟ್ಟ ಡಿಸ್ಕಾದ್ರೆ ಆ ಜಾಗಕ್ಕೆ ಬಂದಾಗ ತಡವರಿಸ್ತದೆ. ಓದ್ಲಿಕ್ಕೆ ನೋಡ್ತದೆ, ಆಗುದಿಲ್ಲ, ಪುನಃ ನೋಡ್ತದೆ. ಟಿಕ್ ಟಿಕ್ ಅಂತ ಒಳಗಿನಿಂದ ಶಬ್ದ ಬರ್ತದೆ. ಇದು ಶುರುವಿನಿಂದ ಕೊನೇವರೆಗೆ ಬೆಣ್ಣೆ ಹಾಗೆ ಓದಿತು ಅಕ್ಕ. ಎಲ್ಲಿಯೂ ನಿಲ್ಲಲಿಲ್ಲ."

ಆಶಾಲತಾ ಡಿಸ್ಕಿನ ಕಡೆ ನೋಡಿದರು. ಅದರ ಬೆಳ್ಳಿಬಣ್ಣದ ಮುಚ್ಚಳದ ಮೇಲೆ ಒಂದು ಗೀರೂ ಇರಲಿಲ್ಲ.

"ಮತ್ತೆ ಹಾಳಾಗಿದೆ ಅಂತ ಹೇಳುದು ಯಾರು?"

"ವಿಂಡೋಸ್. ಡಿಸ್ಕ್ ಅಲ್ಲ. ಪ್ರತಿ ಡಿಸ್ಕ್ ತನ್ನ ಆರೋಗ್ಯವನ್ನು ತಾನೇ ಲೆಕ್ಕ ಇಟ್ಟುಕೊಳ್ತದೆ. ಈ ಡಿಸ್ಕನ್ನು ಕೇಳಿದ್ರೆ, ನನ್ನಲ್ಲಿ ಒಂದೂ ಕೆಟ್ಟ ಸೆಕ್ಟರ್ ಇಲ್ಲ ಅಂತದೆ. ವಿಂಡೋಸನ್ನು ಕೇಳಿದ್ರೆ ರಾಶಿ ಉಂಟು ಅಂತದೆ. ಲಾಡ್ಜಿನ ರೂಮು ಸರಿ ಉಂಟು. ಬಾಗಿಲಿಗೆ ಯಾರೋ 'ರಿಪೇರಿಯಲ್ಲಿದೆ' ಅಂತ ಬೋರ್ಡ್ ತೂಗುಹಾಕಿದ್ದಾರೆ. ಮ್ಯಾನೇಜರ್ ಆ ಬೋರ್ಡ್ ನೋಡಿ ಆ ಕಡೆ ಯಾರನ್ನೂ ಕಳಿಸುದಿಲ್ಲ. ಫೈಲುಗಳನ್ನು ಹುಡುಕಿದ್ರೆ ಅಲ್ಲಿ ಎಂತದೂ ಕಾಣುದಿಲ್ಲ."

"ಬಾಗಿಲು ತೆಗೆದು ನೋಡಿದ್ಯಾ?"

ರಿಯಾಝ್ ನಕ್ಕ. "ನೋಡದೆ ಇರ್ತೇನಾ? ಒಳಗೆ ಜನ ಇದ್ದಾರೆ."

ಅವನು ಒಂದು ಕೀ ಒತ್ತಿದ. ಪರದೆಯ ಮೇಲೆ ಮೇಲಿನಿಂದ ಕೆಳಕ್ಕೆ ಒಂದು ಚಿತ್ರ ಬಿಚ್ಚಿಕೊಳ್ಳತೊಡಗಿತು.

ಮೊದಲು ತಾಮ್ರದ ಬಣ್ಣದ ಒಂದು ಹಾಸು. ಒಣಗಿದ ಗದ್ದೆಯ ಹಾಗೆ ಅದರ ತುಂಬ ಸಣ್ಣ ಅಲೆಗಳು. ನಡುವೆ ಮೇಲಿಂದ ಕೆಳಗೆ ಹಾದುಹೋದ ಕಪ್ಪು ಪಟ್ಟಿ. ಆ ಪಟ್ಟಿಯ ಬಲಕ್ಕೆ, ಅಲೆಗಳ ನಡುವೆ, ಹೊಳೆಯುವ ಒಂದು ಆಕಾರ. ಆಕಾರದ ಪಕ್ಕದಲ್ಲಿ ಉದ್ದಕ್ಕೆ ಬಿದ್ದ ಕತ್ತಲು.

"ಇದೆಂತದು?" ಆಶಾಲತಾ ಕನ್ನಡಕ ಸರಿಮಾಡಿಕೊಂಡರು. "ಎಕ್ಸ್‌ರೇಯಾ?"

"ನನಗೂ ಹಾಗೇ ಅನ್ನಿಸ್ತು."

"ಅದು ಸೋನಾರ್," ಎಂದಳು ಕೃತಿ. ಎದ್ದು ಬಂದು ಅವರಿಬ್ಬರ ಹಿಂದೆ ನಿಂತಿದ್ದಳು. "ಹೊಳೆಯ ತಳ. ದೋಣಿಯಿಂದ ನೀರಿಗೆ ಶಬ್ದ ಬಿಡ್ತಾರೆ. ಅದು ತಳಕ್ಕೆ ತಾಗಿ ವಾಪಸ್ ಬಂದದ್ದರಿಂದ ಹೀಗೆ ಚಿತ್ರ ಆಗ್ತದೆ. ನಡುವಿನ ಕಪ್ಪು ಪಟ್ಟಿ ದೋಣಿ ಹೋದ ದಾರಿ. ಗಟ್ಟಿ ವಸ್ತು ಇದ್ರೆ ಹೊಳೀತದೆ. ಅದರ ಹಿಂದೆ ಶಬ್ದ ಮುಟ್ಟದ ಜಾಗ ಕಪ್ಪಾಗಿ ಕಾಣ್ತದೆ. ನೆರಳಿನ ಹಾಗೆ."

"ಇದು ಬಂಡೆಯಾ ಹಾಗಾದ್ರೆ?"

"ನೆರಳು ನೋಡಿ ಆಶಕ್ಕ. ವಸ್ತುವಿಗಿಂತ ನೆರಳು ನೋಡಿದ್ರೆ ಬೇಗ ಗೊತ್ತಾಗ್ತದೆ ಅಂತ ಅವರು ಹೇಳ್ತಿದ್ರು."

ಆಶಾಲತಾ ಬಗ್ಗಿ ನೋಡಿದರು. ಕತ್ತಲಿನ ಅಂಚು ಒಂದು ಕಡೆ ಮೆಲ್ಲಗೆ ಏರಿ, ಗುಂಡಗೆ ಹೊರಳಿ, ಇನ್ನೊಂದು ಕಡೆ ಇಳಿದಿತ್ತು. ಅದರ ನಡುವೆ ಬೆಳಕಿನ ಚೌಕಗಳು. ಕಿಟಕಿಗಳು.

"ಕಾರು," ಎಂದರು ನಿಧಾನಕ್ಕೆ.

"ಹೌದು."

ಕೃತಿಯ ದನಿಯಲ್ಲಿ ಆಶ್ಚರ್ಯ ಇರಲಿಲ್ಲ. ತಿಂಗಳಿಡೀ ಅತ್ತವರ ದನಿ ಹೀಗೇ ಇರುತ್ತದೆ ಅಂದುಕೊಂಡರು ಆಶಾಲತಾ. ಅವರ ಮನಸ್ಸೆಲ್ಲ ಪರದೆಯ ಮೇಲಿತ್ತು. ಚಿತ್ರದ ಮೂಲೆಯಲ್ಲಿ ತಾರೀಖು, ಜಾಗದ ಗುರುತು ಎರಡೂ ಅಚ್ಚಾಗಿದ್ದವು. ಜಾಗ ಕೂಳೂರು ಸೇತುವೆಯಿಂದ ತುಸು ಮೇಲೆ. ತಾರೀಖು ವಿಭವ ಸಾಯುವುದಕ್ಕೆ ಒಂದು ವಾರ ಮೊದಲಿನದು.

ಹೊಳೆಯಲ್ಲಿ ಕಾರೊಂದು ಮುಳುಗಿರುವುದನ್ನು ಕಂಡವನು ಪೊಲೀಸರಿಗೆ ಹೇಳಬೇಕಿತ್ತು. ಕಡೇಪಕ್ಷ ಆಫೀಸಿನಲ್ಲಿ ಹೇಳಬೇಕಿತ್ತು. ಅದನ್ನು ಬಿಟ್ಟು ಡಿಸ್ಕಿನಲ್ಲಿ ಇಷ್ಟು ಕಷ್ಟಪಟ್ಟು ಅಡಗಿಸಿಟ್ಟದ್ದು ಯಾಕೆ?

"ಇನ್ನೂ ಉಂಟಾ?" ಎಂದು ಕೇಳಿದರು.

"ಇನ್ನೊಂದು ಉಂಟು," ಎಂದ ರಿಯಾಝ್. "ಅದು ಒಂದೇ ಕಡೆ ಇಲ್ಲ. ತುಂಡು ತುಂಡಾಗಿ ಬೇರೆ ಬೇರೆ ಜಾಗದಲ್ಲಿ ಉಂಟು. ಯಾವುದರ ಹಿಂದೆ ಯಾವುದು ಅಂತ ನೋಡಿ ಜೋಡಿಸ್ಬೇಕು. ಸ್ವಲ್ಪ ಹೊತ್ತು ಕೊಡಿ."

"ರಿಯಾಝ್, ನಿನ್ನ ಜಾಗದಲ್ಲಿ ಬೇರೆಯವರು ಇದ್ದು, ಬ್ಯಾಡ್ ಸೆಕ್ಟರ್ ಉಂಟಲ್ಲ ಅಂತ ರಿಪೇರಿ ಮಾಡಿದ್ದಿದ್ರೆ?"

"ಕೆಟ್ಟದ್ದು ಅಂತ ಗುರುತಾದ ಜಾಗವನ್ನೆಲ್ಲ ಪುನಃ ಪರೀಕ್ಷೆ ಮಾಡುವ ರಿಪೇರಿ ಒಂದುಂಟು. ಅದನ್ನು ಓಡಿಸಿದ್ರೆ, ಓ ಇದು ಒಳ್ಳೆ ಜಾಗ ಅಂತ ಹೇಳಿ ವಿಂಡೋಸ್ ಬೋರ್ಡ್ ತೆಗೀತಿತ್ತು. ಆಮೇಲೆ ಅದು ಬರೀ ಖಾಲಿ ಜಾಗ. ಹೊಸ ಫೈಲ್ ಬಂದು ಕೂತ್ರೆ ಇದು ಹೋಯ್ತು. ನನ್ನಿಂದಲೂ ತೆಗೀಲಿಕ್ಕೆ ಆಗ್ತಿರ್ಲಿಲ್ಲ."

ಆಶಾಲತಾ ಕೃತಿಯ ಕಡೆ ತಿರುಗಿದರು. "ಡಿಸ್ಕ್ ಕೊಡಿ, ರಿಪೇರಿ ಮಾಡಿಸ್ತೇನೆ ಅಂತ ನಿನಗೆ ಫೋನ್ ಮಾಡ್ತಿದ್ದದ್ದು ಯಾರು ಅಂತ ಹೇಳಿದ್ದಿ?"

"ಶೋಭಿತ್ ಶೆಟ್ರು. ಇವರ ಕಂಪೆನಿಯ ಓನರ್. ಮೊದಲು ಕ್ರಿಯೆ ಮುಗಿದ ದಿನ ಮಾಡಿದ್ರು. ಆಮೇಲೆ ಬಿಡದೆ ಮಾಡ್ತಾ ಇದ್ರು. ನಮ್ಮ ಐಟಿಯವನು ಬ್ಯಾಡ್ ಸೆಕ್ಟರ್ ಎಲ್ಲ ಸರಿಮಾಡ್ತಾನೆ, ನೀವು ಟೆನ್ಶನ್ ಮಾಡ್ಬೇಡಿ ಅಂತ."

"ಬ್ಯಾಡ್ ಸೆಕ್ಟರ್ ಉಂಟು ಅಂತ ಅವರಿಗೆ ಹೇಗೆ ಗೊತ್ತಾಯ್ತು?"

ಕೃತಿ ಪರದೆಯ ಕಡೆ ತಿರುಗಿದಳು. "ನಾನೇ ಹೇಳಿದ್ದು. ಡಿಸ್ಕ್ ಹಾಳಾಗಿದೆ, ಎಂತದೂ ಸಿಗುದಿಲ್ಲ ಅಂತ."

ಆಶಾಲತಾ ಚಿತ್ರದ ಒಂದು ಪ್ರಿಂಟ್ ತೆಗೆಸಿಕೊಂಡು, ಮಡಚದೆ ಪ್ಲಾಸ್ಟಿಕ್ ಫೋಲ್ಡರಿಗೆ ಹಾಕಿ, ಶೋಭಿತನ ಆಫೀಸಿಗೆ ಹೊರಟುನಿಂತರು.

"ನಾನೂ ಬರ್ತೇನೆ," ಎಂದಳು ಕೃತಿ.

"ಬೇಡ. ನೀನಿದ್ರೆ ಅವನು ಸಮಾಧಾನದ ಮಾತಾಡ್ತಾನೆ. ನನಗೆ ಬೇರೆ ಮಾತು ಬೇಕು. ನೀನು ಇಲ್ಲೇ ಇರು, ಆ ಎರಡನೇ ಚಿತ್ರ ಬರ್ಲಿ."

* * *

ಬಲ್ಮಠದಲ್ಲಿ ಶೋಭಿತ್ ಶೆಟ್ಟಿಯ ಆಫೀಸು ದೊಡ್ಡದೇನಲ್ಲ. ಗೋಡೆಯ ತುಂಬ ನದಿಗಳ ನಕ್ಷೆ. ಮೂಲೆಯಲ್ಲಿ ಹಳದಿ ಬಣ್ಣದ ಲೈಫ್ ಜಾಕೆಟುಗಳ ರಾಶಿ. ಮೂವತ್ತು ದಾಟಿದ, ಬಿಸಿಲಿಗೆ ಕಪ್ಪಾದ ಮುಖದ ಶೋಭಿತ್ ಎದ್ದು ನಿಂತು ಕೈಮುಗಿದ. ಕುರ್ಚಿ ತೋರಿಸಿದ. ಕಾಫಿ ಹೇಳಿದ. ಆಮೇಲೆ ಕಾಫಿ ಬರುವ ಮೊದಲೇ ವಿಷಯಕ್ಕೆ ಬಂದ.

"ಮೇಡಂ, ಆ ಡಿಸ್ಕ್ ನಿಮ್ಮಲ್ಲಿ ಉಂಟಂತೆ."

"ಉಂಟು."

"ಅದು ಕಂಪೆನಿಗೆ ಸೇರಬೇಕಾದದ್ದು."

"ವಿಭವನ ಮನೆಯ ಕಂಪ್ಯೂಟರಿನ ಡಿಸ್ಕ್ ಅದು."

"ಡಿಸ್ಕ್ ಅವನದ್ದೇ ಇರ್ಲಿ. ಒಳಗಿರುವ ಸರ್ವೆ ನಮ್ಮದು. ಹೂಳೆತ್ತುವ ಮೊದಲು ಹೊಳೆಯ ತಳ ಅಳೆದು ಕೊಡುವ ಕೆಲಸ ನಮಗೆ ಸಿಕ್ಕಿದ್ದು. ಅದರ ಡಾಟಾ ಮನೆಗೆ ತಗೊಂಡು ಹೋಗಿದ್ದೇ ತಪ್ಪು."

"ಒಂದು ತಿಂಗಳಿಂದ ಆ ಡಾಟಾ ಇಲ್ಲದೆ ನಿಮ್ಮ ಕೆಲಸ ನಿಂತಿದೆಯಾ?"

ಶೋಭಿತ್ ಬಾಗಿಲ ಕಡೆ ನೋಡಿದ.

"ನಿಂತಿಲ್ಲ," ಎಂದರು ಆಶಾಲತಾ. "ಹೊರಗಿನ ಮೇಜಿನಲ್ಲಿ ಕೂಳೂರಿನ ನಕ್ಷೆ ರೆಡಿಯಾಗಿ ಬಿದ್ದಿದೆ. ಬರುವಾಗ ನೋಡಿದೆ. ಮತ್ತೆ ಆ ಡಿಸ್ಕ್ ಯಾಕೆ ನಿಮಗೆ?"

"ನೀವು ನನ್ನ ಮೇಲೆ ಡೌಟ್ ಮಾಡ್ತಾ ಇದ್ದೀರಾ?"

"ಕೇಳ್ತಾ ಇದ್ದೇನೆ. ವಿಭವ ಸತ್ತ ದಿನ ದೋಣಿಯಲ್ಲಿ ಅವನ ಜೊತೆ ಯಾರಿದ್ರು?"

"ಯಾರೂ ಇರ್ಲಿಲ್ಲ."

"ಒಬ್ಬನನ್ನೇ ಹೊಳೆಗೆ ಕಳಿಸ್ತೀರಾ?"

"ನಾನು ಕಳಿಸ್ಲಿಲ್ಲ!" ಅವನ ದನಿ ಏರಿತು. "ಆ ದಿನ ನಮ್ಮದು ಸರ್ವೆಯೇ ಇರ್ಲಿಲ್ಲ. ಕೂಳೂರಿನ ಕೆಲಸ ಅದಕ್ಕೆ ಮೊದಲೇ ಮುಗಿದಿತ್ತು. ಅವನು ಯಾರಿಗೂ ಹೇಳದೆ ದೋಣಿ ತಗೊಂಡು ಹೋದದ್ದು. ಪೊಲೀಸರಿಗೂ ಅದೇ ಹೇಳಿದ್ದೇನೆ."

"ಪೊಲೀಸರಿಗೆ ಹೇಳದೆ ಇದ್ದದ್ದು ಎಂತ?"

ಕಾಫಿ ಬಂತು. ತಂದವನು ಹೊರಗೆ ಹೋಗಿ ಬಾಗಿಲು ಹಾಕಿದ. ಶೋಭಿತ್ ಲೋಟವನ್ನು ಮುಟ್ಟಲಿಲ್ಲ.

"ಅವನು ಹಿಂದಿನ ದಿನ ನನ್ನ ಹತ್ರ ಬಂದಿದ್ದ," ಎಂದ ಕೊನೆಗೆ. "ಒಂದು ತೋರಿಸ್ಲಿಕ್ಕುಂಟು, ಆಫೀಸಿನಲ್ಲಿ ಬೇಡ ಅಂದ. ಎಂತ ಅಂತ ಕೇಳಿದೆ. ನಿಮ್ಮ ಮನೆಯ ವಿಷಯ ಶೋಭಿತಣ್ಣ, ಮೊದಲು ನಾನು ಇನ್ನೊಮ್ಮೆ ಸರಿಯಾಗಿ ನೋಡಿ ಬರ್ತೇನೆ ಅಂದ. ಅಷ್ಟೇ. ಮರುದಿನ ಅವನೇ ಇಲ್ಲ. ನನ್ನ ಮನೆಯ ವಿಷಯ ಇವನಿಗೆ ಹೊಳೆಯಲ್ಲಿ ಎಂತ ಸಿಕ್ಕಿತು? ಅವನು ಆಫೀಸಿಗೆ ಕೊಟ್ಟ ಡಾಟಾದಲ್ಲಿ ಎಂತದೂ ಕಾಣ್ಲಿಲ್ಲ. ಆ ಡಿಸ್ಕಿನಲ್ಲಿ ಉಂಟು ಅಂತ ನನಗೆ ಗ್ಯಾರಂಟಿ ಇತ್ತು. ಅದಕ್ಕೇ ಕೇಳಿದ್ದು. ಅಳಿಸ್ಲಿಕ್ಕಲ್ಲ."

ಆಶಾಲತಾ ಅವನ ಮುಖವನ್ನೇ ನೋಡುತ್ತ ಫೋಲ್ಡರಿನಿಂದ ಪ್ರಿಂಟ್ ತೆಗೆದು ಮೇಜಿನ ಮೇಲಿಟ್ಟರು.

ಸೋನಾರ್ ಚಿತ್ರ ಓದುವುದನ್ನು ಅವನಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಕಾರು ಎಂಬುದು ಅವನಿಗೆ ನೋಡಿದ ಕೂಡಲೇ ತಿಳಿದಿತ್ತು. ಆದರೆ ಅವನ ಬೆರಳು ಕಾರಿನ ಮೇಲೆ ನಿಲ್ಲಲಿಲ್ಲ. ನೆರಳಿನ ತುದಿಗೆ ಹೋಯಿತು. ಅಲ್ಲಿ, ಕಾರಿನ ಚಾವಣಿಯ ನೆರಳಿಗಿಂತ ಆಚೆ, ಬಾಚಣಿಗೆಯ ಹಲ್ಲಿನಂಥ ಗೆರೆಗಳಿದ್ದವು. ಆಶಾಲತಾ ಅದನ್ನು ಗಮನಿಸಿರಲಿಲ್ಲ.

"ಕ್ಯಾರಿಯರ್," ಎಂದ ಅವನು. "ಮಾಡಿನ ಮೇಲೆ ಕ್ಯಾರಿಯರ್. ಎದುರಿನ ಸರಳು ಮೇಲಕ್ಕೆ ಬಾಗಿದೆ."

"ನಿಮಗೆ ಗೊತ್ತಿರುವ ಕಾರಾ?"

ಅವನು ಕುರ್ಚಿಯಲ್ಲಿ ಹಿಂದಕ್ಕೆ ಒರಗಿದ.

"ನಮ್ಮದು ಪಡೀಲಿನಲ್ಲಿ ಹೋಟೆಲ್ ಇತ್ತು. ಮದುವೆ, ಮುಂಜಿಗೆ ಅಡುಗೆಯೂ ಮಾಡಿ ಕೊಡ್ತಿದ್ರು. ದೊಡ್ಡ ಪಾತ್ರೆ ಕಾರಿನ ಮೇಲೆ ಕಟ್ಟುವಾಗ ಮುಂದಕ್ಕೆ ಜಾರ್ತದೆ ಅಂತ ಅಪ್ಪ ವೆಲ್ಡಿಂಗಿನವರ ಹತ್ರ ನಿಂತು ಎದುರಿನ ಸರಳು ಬಗ್ಗಿಸಿದ್ರು. ಬಿಳಿ ಅಂಬಾಸಿಡರ್. ಇಂಥ ಕ್ಯಾರಿಯರ್ ಇರುವ ಕಾರು ಈ ಊರಿನಲ್ಲಿ ಬೇರೆ ಇರ್ಲಿಲ್ಲ ಅಕ್ಕ."

ಮೇಡಂ ಹೋಗಿ ಅಕ್ಕ ಆದದ್ದು ಅವನಿಗೇ ತಿಳಿದಂತಿರಲಿಲ್ಲ.

"ನಿಮ್ಮ ಅಪ್ಪ, ಮಹಾಬಲ ಶೆಟ್ರು," ಎಂದರು ಆಶಾಲತಾ. ಆ ಪ್ರಕರಣ ಅವರಿಗೆ ನೆನಪಿತ್ತು, ಬೇರೆ ಠಾಣೆಯದು. "ಕಾರಿನ ಸಮೇತ ಕಾಣೆಯಾದವರು."

"ನಾನು ಎಂಜಿನಿಯರಿಂಗ್ ಮುಗಿಸಿದ ವರ್ಷ. ಬೆಳಿಗ್ಗೆ ಹೋಟೆಲಿಗೆ ಹೊರಟವರು ಹೋಟೆಲಿಗೆ ಮುಟ್ಟಲಿಲ್ಲ. ಪೊಲೀಸರು ಹುಡುಕಿದ್ರು, ನಾವು ಹುಡುಕಿದೆವು. ಆಮೇಲೆ ಜನ ಶುರುಮಾಡಿದ್ರು. ಅವರಿಗೆ ಮುಂಬೈಯಲ್ಲಿ ಇನ್ನೊಂದು ಸಂಸಾರ ಉಂಟಂತೆ, ಅಲ್ಲಿ ಹೋಗಿ ಕೂತಿದ್ದಾರಂತೆ ಅಂತ. ಅಮ್ಮ ಮದುವೆ ಮನೆಗಳಿಗೆ ಹೋಗುದನ್ನೇ ಬಿಟ್ರು. ಹೋದ್ರೆ ಯಾರಾದ್ರೂ ಒಬ್ಬರು, ಶೆಟ್ರ ಸುದ್ದಿ ಉಂಟಾ ಅಂತ ಕೇಳ್ತಿದ್ರು." ಅವನು ಪ್ರಿಂಟಿನ ಮೇಲೆ ಅಂಗೈಯಿಟ್ಟ. "ನಾನೂ ನಂಬಿದ್ದೆ ಅಕ್ಕ. ಇಷ್ಟು ವರ್ಷ ನಾನೂ ಅವರನ್ನು ಬೈತಾ ಇದ್ದೆ. ಅವರು ಇಲ್ಲೇ ನೀರಿನಡಿಯಲ್ಲಿ ಇದ್ರು."

ಆಶಾಲತಾ ಕಾಫಿಯ ಲೋಟವನ್ನು ಅವನ ಕಡೆ ಸರಿಸಿದರು. ಅವನು ಅದನ್ನೆತ್ತಿ, ಕುಡಿಯದೆ, ಮತ್ತೆ ಕೆಳಗಿಟ್ಟ. ಕಣ್ಣು ಮಾತ್ರ ಚಿತ್ರವನ್ನು ಬಿಟ್ಟಿರಲಿಲ್ಲ. ಆ ಕಣ್ಣುಗಳಲ್ಲಿ ಏನೋ ಬದಲಾಗುತ್ತಿರುವುದನ್ನು ಆಶಾಲತಾ ಕಂಡರು. ತಂದೆಯನ್ನು ಕಳೆದುಕೊಂಡ ಮಗ ಹಿಂದೆ ಸರಿದು, ಹೊಳೆ ಅಳೆಯುವವನು ಮುಂದೆ ಬರುತ್ತಿದ್ದ.

"ಒಂದು ನಿಮಿಷ," ಎಂದು ಅವನು ಡ್ರಾಯರಿನಿಂದ ಸ್ಕೇಲ್ ತೆಗೆದ.

ನೆರಳಿನ ಮೇಲೆ ಸ್ಕೇಲ್ ಇಟ್ಟ. ದೋಣಿಯ ದಾರಿಯಿಂದ ಕಾರಿಗೆ ಎಷ್ಟು ದೂರ ಎಂದು ನೋಡಿದ. ಕಾಗದದ ಚೂರಿನಲ್ಲಿ ಒಂದು ತ್ರಿಕೋನ ಬರೆದು ಲೆಕ್ಕ ಹಾಕಿದ. ಹಾಕಿದ್ದನ್ನು ಹೊಡೆದು ಮತ್ತೊಮ್ಮೆ ಹಾಕಿದ.

"ಎಂತಾಯ್ತು?"

"ನೆರಳಿನ ಉದ್ದದಿಂದ ವಸ್ತುವಿನ ಎತ್ತರ ತೆಗೀಬಹುದು. ನೆಲದಿಂದ ಎಷ್ಟು ಮೇಲೆ ನಿಂತಿದೆ ಅಂತ." ಅವನು ತಲೆಯೆತ್ತಿದ. "ಕಾರು ಪೂರ್ತಿ ಕೆಸರಿನ ಮೇಲುಂಟು ಅಕ್ಕ. ಚಕ್ರ ಸಮೇತ."

"ಅದಕ್ಕೆ?"

"ಫಲ್ಗುಣಿಯ ಆ ಜಾಗ ಹಿಂದೆ ನಾನೇ ಅಳೆದದ್ದು. ಮಳೆಗಾಲದಲ್ಲಿ ಮೇಲಿನಿಂದ ಬರುವ ಕೆಸರು ಎಲ್ಲ ಅಲ್ಲೇ ಕೂತುಕೊಳ್ಳುದು. ಹೂಳು ತೆಗೆಸ್ಲಿಕ್ಕೆ ಹೊರಟದ್ದೇ ಅದಕ್ಕೆ. ಒಂದು ಮಳೆಗಾಲ ಕಳೆದ್ರೆ ಸಾಕು, ಚಕ್ರ ಕಾಣ್ಲಿಕ್ಕಿಲ್ಲ. ಇಷ್ಟು ವರ್ಷ ಅಲ್ಲಿದ್ದಿದ್ರೆ ಮಾಡು ಕೂಡ ಕಾಣ್ತಿರ್ಲಿಲ್ಲ. ಸೋನಾರಿಗೆ ಒಂದು ಸಣ್ಣ ದಿಬ್ಬ ಸಿಗ್ತಿತ್ತು, ಅಷ್ಟೇ."

ಆಶಾಲತಾರ ಬೆನ್ನು ನೆಟ್ಟಗಾಯಿತು. "ಅಂದ್ರೆ ಈ ಕಾರು ಹೊಳೆಗೆ ಬಿದ್ದದ್ದು..."

"ಈ ಸಲದ ಮಳೆ ಬಿಟ್ಟ ಮೇಲೆ. ಅಕ್ಟೋಬರ್, ನವೆಂಬರ್. ಅದಕ್ಕೆ ಮೊದಲು ಸಾಧ್ಯವೇ ಇಲ್ಲ."

"ಅಲ್ಲಿಯವರೆಗೆ ಕಾರು ಎಲ್ಲಿಯೋ ನೆಲದ ಮೇಲೇ ಇತ್ತು."

"ಯಾರದ್ದೋ ಶೆಡ್ಡಿನಲ್ಲಿ. ಯಾರೋ ಅದನ್ನು ಇಷ್ಟು ವರ್ಷ ಇಟ್ಟುಕೊಂಡು, ಈಗ ತಂದು ಹಾಕಿದ್ದಾರೆ." ಶೋಭಿತ್ ಸ್ಕೇಲನ್ನು ಕೆಳಗಿಟ್ಟ. "ಅಕ್ಕ, ಕಾರು ನೀರಿನಲ್ಲಿ ಇರ್ಲಿಲ್ಲ ಅಂತಾದ್ರೆ, ಅಪ್ಪ?"

ಅಷ್ಟರಲ್ಲಿ ಆಶಾಲತಾರ ಫೋನ್ ಹೊಡೆದುಕೊಂಡಿತು. ರಿಯಾಝ್.

"ಅಕ್ಕ, ಎರಡನೇ ಚಿತ್ರ ಜೋಡಿಸಿದೆ." ಅವನು ಅವಸರದಲ್ಲಿದ್ದ. "ಅದೇ ಜಾಗ, ಅದೇ ಕಾರು. ಆದ್ರೆ ಮೊದಲಿನದ್ದರಲ್ಲಿ ಬಾಗಿಲು ಮುಚ್ಚಿತ್ತು. ಇದರಲ್ಲಿ ಡ್ರೈವರ್ ಕಡೆಯ ಬಾಗಿಲು ತೆರೆದಿದೆ. ರೆಕ್ಕೆ ಹಾಗೆ ನೆರಳು ಬಿದ್ದಿದೆ."

"ಯಾರೋ ನೀರಿಗಿಳಿದು ತೆರೆದಿದ್ದಾರೆ."

"ಅದಲ್ಲ ಅಕ್ಕ ವಿಷಯ. ವಿಷಯ ಮೂಲೆಯಲ್ಲಿರುವ ತಾರೀಖು. ವಿಭವ ಸತ್ತ ದಿನದ್ದೇ. ಅವತ್ತು ಬೆಳಿಗ್ಗೆ ತೆಗೆದದ್ದು."

ಆಶಾಲತಾ ಕಣ್ಣುಮುಚ್ಚಿದರು. ಆ ಬೆಳಿಗ್ಗೆ ಹೊಳೆಗೆ ಹೋದ ವಿಭವ ಮನೆಗೆ ಬಂದೇ ಇಲ್ಲ. ಬಂದದ್ದು ಹೆಣ. ಕಂಪ್ಯೂಟರ್ ಇದ್ದದ್ದು ಮನೆಯಲ್ಲಿ. ಅಂದಮೇಲೆ ಆ ಚಿತ್ರವನ್ನು ಡಿಸ್ಕಿನೊಳಗೆ ಇಟ್ಟದ್ದು ವಿಭವ ಅಲ್ಲ. ಒಳ್ಳೆಯ ಜಾಗಕ್ಕೆ ಕೆಟ್ಟದ್ದೆಂದು ಗುರುತು ಹಾಕಿದವನೂ ಅವನಲ್ಲ.

"ಕೃತಿಗೆ ಫೋನ್ ಕೊಡು."

"ಅವರು ಇಲ್ಲಿಲ್ಲ. ಚಿತ್ರ ಪರದೆ ಮೇಲೆ ಬರುವಾಗ ಇದ್ರು. ಯಾರದ್ದೋ ಫೋನ್ ಬಂತು. ಮಾತಾಡ್ಲಿಲ್ಲ, ಬರೀ ಕೇಳಿಸಿಕೊಂಡ್ರು. ಆಮೇಲೆ ರಿಕ್ಷಾ ಹಿಡ್ಕೊಂಡು ಹೋದ್ರು."

ಆಶಾಲತಾ ಕೂಡಲೇ ಕೃತಿಯ ನಂಬರಿಗೆ ಫೋನ್ ಮಾಡಿದರು. ಶೋಭಿತನಿಗೂ ಕೇಳಲೆಂದು ಸ್ಪೀಕರ್ ಹಾಕಿ ಫೋನನ್ನು ಮೇಜಿನ ನಡುವೆ ಇಟ್ಟು, ಮಾತಾಡಬೇಡಿ ಎಂದು ಅವನಿಗೆ ಕೈಸನ್ನೆ ಮಾಡಿದರು. ಬಹಳ ಹೊತ್ತು ರಿಂಗಾಯಿತು.

"ಹೇಳಿ ಆಶಕ್ಕ," ಎಂದಳು ಕೃತಿ, ಪಿಸುದನಿಯಲ್ಲಿ.

"ಎಲ್ಲಿದ್ದಿ?"

"ಮನೆಯಲ್ಲಿ."

"ತಾರೀಖು ನೋಡಿದೆವು ಕೃತಿ."

ಆ ಕಡೆ ಕೋಣೆಯ ಬಾಗಿಲು ಹಾಕಿಕೊಂಡ ಸದ್ದು ಕೇಳಿತು.

"ಅಡಗಿಸಿದ್ದು ನೀನು," ಎಂದರು ಆಶಾಲತಾ. ಬೈಯುವ ದನಿ ಅಲ್ಲ ಅದು.

"ನಾನೇ. ಆಸ್ಪತ್ರೆಯಲ್ಲಿ ಅವರ ಬಟ್ಟೆ ಕೊಟ್ರಲ್ಲ, ಅದರ ಒಳಜೇಬಿನಲ್ಲಿ ಸೋನಾರಿನ ಮೆಮೊರಿ ಕಾರ್ಡ್ ಇತ್ತು. ಎರಡೂ ಚಿತ್ರ ಅದರಲ್ಲೇ ಇದ್ದದ್ದು. ಆ ಕಾರ್ಡಿಗಾಗಿ ನಮ್ಮ ಮನೆಯನ್ನು ಜಾಲಾಡ್ತಾ ಇದ್ರು ಆಶಕ್ಕ. ಕಪಾಟು, ಅವರ ಪುಸ್ತಕ, ಅಕ್ಕಿ ಡಬ್ಬ ಎಲ್ಲ. ಕಂಪ್ಯೂಟರ್ ಒಂದು ಉಳೀಬೇಕಿದ್ರೆ ಅದು ಹಾಳಾದ ಹಾಗೆ ಕಾಣ್ಬೇಕಿತ್ತು."

"ನನಗೆ ಯಾಕೆ ಹೇಳ್ಲಿಲ್ಲ?"

"ನಾನು ಬಾಯಿ ಬಿಟ್ಟರೆ ಮಾವನವರನ್ನು ಉಳಿಸುದಿಲ್ಲ ಅಂತ ಹೇಳಿದ್ದಾರೆ. ಡಿಸ್ಕ್ ಹೊರ್ಗೆ ಹೋದ್ರೆ, ನೀವಾಗಿಯೇ ಕಂಡುಹಿಡೀತೀರಿ ಅಂತ..."

"ಯಾರು ಕೃತಿ? ಜಾಲಾಡಿದ್ದು ಯಾರು?"

ಎಲ್ಲಿಯೋ ಬಾಗಿಲ ಚಿಲಕ ತೆರೆದ ಸದ್ದಾಯಿತು. ಹೆಜ್ಜೆಗಳು. ಕೃತಿಯ ಸ್ವರ ಒಮ್ಮೆಗೇ ಬದಲಾಯಿತು. ಗಟ್ಟಿಯಾಗಿ, ಸಲೀಸಾಗಿ, ಅಂಗಡಿಯವರ ಜೊತೆ ಮಾತಾಡುವ ಹಾಗೆ ಅವಳು ಹೇಳಿದಳು:

"ಹೌದಾ ಮೇಡಂ? ರಿಪೇರಿ ಆಗುದೇ ಇಲ್ಲ ಅಂತಾದ್ರೆ ಬಿಡಿ. ಬಿಸಾಡಿಬಿಡಿ. ಪರವಾಗಿಲ್ಲ."

ಅವಳ ಹಿಂದಿನಿಂದ ಒಂದು ಗಂಡುದನಿ ಕೇಳಿತು. ವಯಸ್ಸಾದವರದು, ತುಸು ಗೊಗ್ಗರು, ಆದರೆ ಅವಸರವಿಲ್ಲದ್ದು. ಫೋನಿನಲ್ಲಿ ಯಾರೆಂದು, ಮನೆಯವರನ್ನು ವಿಚಾರಿಸುವಷ್ಟು ಸಹಜವಾಗಿ, ತುಳುವಿನಲ್ಲಿ.

"ಏರ್ ಮಗಾ ಫೋನ್‌ಡ್?"

ಲೈನ್ ಕಟ್ಟಾಯಿತು.

ಆಶಾಲತಾ ಬ್ಯಾಗನ್ನೆತ್ತಿಕೊಂಡು ಆಗಲೇ ಬಾಗಿಲ ಕಡೆ ನಡೆದಿದ್ದರು. ಪಡೀಲಿಗೆ ಹತ್ತಿರದ ಠಾಣೆಯಲ್ಲಿ ಈಗ ಯಾರಿದ್ದಾರೆ ಎಂದು ಅವರ ತಲೆ ಓಡುತ್ತಿತ್ತು. ಹಿಂದೆ ಕುರ್ಚಿಯೊಂದು ದಡಾರನೆ ಬಿದ್ದ ಸದ್ದಿಗೆ ತಿರುಗಿ ನೋಡಿದರು.

ಶೋಭಿತ್ ಎದ್ದು ನಿಂತಿದ್ದ. ಮೇಜಿನ ಅಂಚನ್ನು ಎರಡೂ ಕೈಯಿಂದ ಹಿಡಿದಿದ್ದ.

"ಆ ಸ್ವರ ನಿಮಗೆ ಗೊತ್ತುಂಟಾ?" ಎಂದು ಕೇಳಿದರು ಆಶಾಲತಾ.

ಅವನು ಹೌದೆಂದು ತಲೆಯಾಡಿಸಿದ.

"ಅದು ನನ್ನ ಅಪ್ಪ."